ಸಾಕವ್ವನ ಕರೀ ಕಡತ

ಒಂದಾನೊಂದು ಕಾಲದಲ್ಲಿ, ಊರಿನ ಗುಟ್ಟೆಲ್ಲ ಬಾವಿಕಟ್ಟೆ ಮೇಲೇ ರಟ್ಟಾಗ್ತಿದ್ದ ಕಾಲದಲ್ಲಿ, ಒಬ್ಬ ಪಾಳೇಗಾರನ ಊರಲ್ಲಿ ಈರಭದ್ರಪ್ಪ ಅಂತ ಒಬ್ಬ ಚಿತ್ರಗಾರ ಇದ್ದನಂತೆ. ಅರಮನೆ ಗೋಡೆಗೆಲ್ಲ ಅವನದೇ ಕುಂಚ. ಗಂಡು ಬೇಕು ಗಂಡು ಬೇಕು ಅಂತ ಕಂಡ ಕಲ್ಲಿಗೆಲ್ಲ ಕೈ ಮುಗಿದರೂ ಮೂರೂ ಹೆಣ್ಣೇ ಆದವಂತೆ. ದೊಡ್ಡೋಳು ಬಂಗಾರಿ, ನಡುವಿನೋಳು ಹೂವಮ್ಮ, ಮೂರನೇದು ಹುಟ್ಟಿದಾಗ ಅವನ ತಾಯಿ, ಸಾಕಪ್ಪಾ ಸಾಕು ಈ ಹೆಣ್ಣಿನ ಸಂತೆ ಅಂತ ಸಾಕವ್ವ ಅಂತಲೇ ಹೆಸರಿಟ್ಟಳಂತೆ. ಅವಳೇನು ಗಂಡಾಗಿ ಹುಟ್ಟಿದ್ದಳೋ, ಮುದಿಗೂಬೆ!

ಆಮೇಲೆ ಈರಭದ್ರಪ್ಪನಿಗೆ ವಯಸ್ಸಾಗಿ ಕೈ ಸಣ್ಣಗೆ ನಡುಗೋಕೆ ಶುರುವಾಯ್ತಂತೆ. ಮೂವರು ಮಕ್ಕಳನ್ನೂ ಕರೆದು ಒಬ್ಬೊಬ್ಬಳಿಗೆ ಒಂದೊಂದು ಕಡತ ಕೊಟ್ಟನಂತೆ. ಕಡತ ಅಂದರೆ, ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಮೆತ್ತಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕರೀ ಪುಸ್ತಕ ಮಗಾ. ಬಳಪದಲ್ಲಿ ಬರೆಯೋದು, ಬೇಡ ಅಂದರೆ ಒದ್ದೆ ಬಟ್ಟೇಲಿ ಒರೆಸೋದು. ದಿನಾ ಕಂಡದ್ದನ್ನ ಇದರಲ್ಲಿ ಬರೀರಮ್ಮ, ಚೆಂದ ಬಂದರೂ ಬರೀರಿ, ಕತ್ತೆ ಥರ ಬಂದರೂ ಬರೀರಿ ಅಂದನಂತೆ.

ಬಂಗಾರಿ ಏನು ಮಾಡಿದಳು? ಅರಮನೆಯಿಂದ ಹೇಳಿಕಳಿಸಿದ ದಿನ ಬರೆದರಾಯ್ತು, ಸುಮ್ಮನೆ ಯಾಕೆ ಬಳಪ ಸವೆಸಲಿ ಅಂತ ಅದನ್ನ ಒಲೆ ಮೇಲಿನ ಬಿಸಿ ಪಾತ್ರೆ ಇಳಿಸೋ ಮಸಿಬಟ್ಟೆ ಮಾಡ್ಕೊಂಡಳಂತೆ. ಹೂವಮ್ಮ ಇನ್ನೂ ಜಾಣೆ. ಕೆಟ್ಟ ಗೆರೆ ಬಿದ್ದು ಮೈಲಿಗೆ ಆದರೆ ಅಂತ ಹೆದರಿ ದೇವರ ಗೂಡಲ್ಲಿಟ್ಟು ದಿನಾ ಅರಿಶಿನ ಕುಂಕುಮ ಹಾಕಿ ಅಡ್ಡ ಬೀಳ್ತಿದ್ದಳಂತೆ. ಒಂದು ಗೆರೆ ಎಳೀಲಿಲ್ಲ, ಪುಣ್ಯಾತಗಿತ್ತಿ!

ಸಾಕವ್ವ ಮಾತ್ರ ಬರೆದೇ ಬರೆದಳಂತೆ. ಮೊದಲು ಬರೆದ ಹಸು ಒರಳುಕಲ್ಲಿನಂಗಿತ್ತು, ಒರೆಸಿದಳು. ಆಮೇಲೆ ಬರೆದದ್ದು ಕೊಂಬಿರೋ ಒರಳುಕಲ್ಲಿನಂಗಿತ್ತು, ಅದನ್ನೂ ಒರೆಸಿದಳು. ಹಿಂಗೇ ಬರೀತಾ ಒರೆಸ್ತಾ, ಕೊನೆಗೆ ಹಸು ಹಸುವೇ ಆಯ್ತಂತೆ. ಆಮೇಲೆ ಜನರನ್ನ ಹಿಡಿದಳು. ನೀರು ಸೇದೋರ ಸೊಂಟ, ಜಗಳ ಆಡೋರ ಬಾಯಿ, ಆಕಳಿಸೋ ಪೂಜಾರಿ, ಯಾರನ್ನೂ ಬಿಡಲಿಲ್ಲ. ವಯಸ್ಸಿಗೆ ಬಂದ ಹುಡುಗಿ ಹಿಂಗೆ ಕಂಡೋರನ್ನ ಗುರುಗುಟ್ಟಿ ನೋಡಿದರೆ ಊರು ಸುಮ್ಮನಿರುತ್ತಾ? ಇವಳಿಗೆ ಗಂಡು ಸಿಕ್ಕಂಗೇ ಇದೆ ಅಂತ ಬಾವಿಕಟ್ಟೇಲಿ ಅವಳನ್ನೇ ಎಲೆ ಅಡಿಕೆ ಮಾಡ್ಕೊಂಡು ಜಗಿದರಂತೆ.

ಹಿಂಗಿರೋವಾಗ ಪಾಳೇಗಾರ ಹೊಸ ತೊಟ್ಟಿಮನೆ ಕಟ್ಟಿಸಿ, ಅದರ ಗೋಡೆ ಮೇಲೆ ನಮ್ಮಜ್ಜಿ ಚಿತ್ರ ಬರೀಬೇಕು ಅಂತ ಹೇಳಿಕಳಿಸಿದನಂತೆ. ಅವನಜ್ಜಿ ತಿರುಮಲಾಜಮ್ಮನೋ, ಬೆಂಕಿ! ಎದುರಿಗೆ ಕೂತು ಚಿತ್ರ ಬರೆಸ್ಕೊಂಡರೆ ಆಯುಸ್ಸು ಕರಗುತ್ತೆ ಕಣೋ, ನಾನು ಕೂರೋಳಲ್ಲ, ನೋಡದೇ ಬರೆಯೋ ಗಂಡೆದೆ ಇದ್ದೋರು ಬರೀಲಿ ಅಂದುಬಿಟ್ಟಳಂತೆ. ಪಾಳೇಗಾರ ಈರಭದ್ರಪ್ಪನ ಕೈ ನಡುಗೋದು ನೋಡಿ, ನಿನ್ನ ಮೂರು ಮಕ್ಕಳೂ ಒಂದೊಂದು ಗೋಡೆಗೆ ಬರೀಲಿ, ಅಜ್ಜಿ ಒಪ್ಪಿದರೆ ಕುಂಚ ನಿಮ್ಮನೇಲೇ ಇರುತ್ತೆ, ಇಲ್ಲದಿದ್ದರೆ ಬೇರೆ ಊರಿನ ಚಿತ್ರಗಾರನ್ನ ಕರೆಸ್ತೀನಿ, ಅರಮನೆ ಕೊಟ್ಟ ಮನೇನೂ ಅವನಿಗೇ ಅಂದನಂತೆ.

ಸಾಕವ್ವನಿಗೇನು ಭಯ? ಪ್ರತಿ ಸೋಮವಾರ ಗುಡಿ ಮೆಟ್ಟಿಲ ಮೇಲೆ ಕೂತು ಬಂದೋರಿಗೆ ಹೋದೋರಿಗೆ ಬೈತಿದ್ದ ಆ ಮುದುಕಿ ಕಡತದ ಮಡಿಕೆ ಮಡಿಕೇಲೂ ಇದ್ದಳು. ಆದರೆ ಅದೇ ಕಡತದಲ್ಲಿ ಊರ ಗೌಡ ಕರಿಯಣ್ಣನೂ ಇದ್ದನಲ್ಲ! ಬಾವಿಕಟ್ಟೇಲಿ ಹೆಂಗಸರು, ತೋರಿಸೇ ತೋರಿಸೇ ಅಂತ ಕಿತ್ತುಕೊಂಡು ಬಿಚ್ಚಿದರೆ, ಗೌಡ ಹೂಮಾರೋ ಚೆಲುವಿ ಜಗಲಿ ಮೇಲೆ ಚಕ್ಕಂಬಕ್ಕಳ ಹಾಕ್ಕೊಂಡು ಮಲ್ಲಿಗೆ ಕಟ್ತಾ ಕೂತಿದಾನಂತೆ! ಗೌಡತಿ ಪುಟ್ಟಗೌರಿ ಅಲ್ಲೇ ಇದ್ದಳು. ಮನೇಲಿ ಬಿದ್ದ ಕಡ್ಡಿ ಎತ್ತದ ಗಂಡಸು ಅಲ್ಲಿ ದಂಡೆ ಕಟ್ತಾನಾ ಅಂತ ಕೂಗಾಡಿ, ಹಾಳು ಮುಂಡೇದು, ಬರೆದ ನಿನ್ನ ಕೈ ಸೇದಿಹೋಗಾ ಅಂತ ಬೈದು, ಕಡತನ ಅಲ್ಲೇ ದನಕ್ಕಿಟ್ಟ ಕಲಗಚ್ಚಿನ ಬಾನಿಗೆ ಅದ್ದಿ ಗಸಗಸ ಉಜ್ಜಿಬಿಟ್ಟಳಂತೆ. ಗೌಡನ ಬೆನ್ನು ಆಮೇಲೆ ಉಜ್ಜಿಸ್ಕೊಳ್ತು, ಆ ಮಾತು ಬೇರೆ.

ಸಾಕವ್ವ ಮನೆಗೆ ಬಂದು, ಮುಗೀತಪ್ಪ, ಎಲ್ಲ ಬೆಳ್ಳಗೆ ನೀರಾಗಿ ಹರಿದುಹೋಯ್ತು, ನನ್ನಿಂದ ಮನೆ ಹೋಯ್ತು ಅಂತ ಬಿಕ್ಕಿ ಬಿಕ್ಕಿ ಅತ್ತಳಂತೆ. ಈರಭದ್ರಪ್ಪ ನಡುಗೋ ಕೈಲಿ ನೆಲದ ಮೇಲೆ ರಾಗಿಹಿಟ್ಟು ಹರಡಿ, ಕಣ್ಣು ಮುಚ್ಕೊಂಡು ಬೆರಳಾಡಿಸು ಮಗಳೇ ಅಂದನಂತೆ. ಅಳ್ತಾ ಅಳ್ತಾನೇ ಆಡಿಸಿದಳು. ಕಣ್ಣು ಬಿಟ್ಟು ನೋಡಿದರೆ, ಹಿಟ್ಟಿನಲ್ಲಿ ತಿರುಮಲಾಜಮ್ಮ ಕಣ್ಣು ಕೆಕ್ಕರಿಸ್ಕೊಂಡು ಕೂತಿದಾಳೆ! ಬಾನಿ ಬಟ್ಟೆ ತೊಳೀತು ಕಣೇ ಹುಚ್ಚಿ, ಕೈಯನ್ನ ತೊಳೆಯೋ ಬಾನಿ ಎಲ್ಲಿದೆ ಅಂದನಂತೆ ಅಪ್ಪ.

ಮೂರು ಗೋಡೆ ಚಿತ್ರಾನೂ ಮುಗಿದ ಮೇಲೆ ಅಜ್ಜಿ ಕೋಲೂರಿಕೊಂಡು ತೊಟ್ಟಿಗೆ ಬಂದಳು. ಬಂಗಾರಿ ಅವಳನ್ನ ರಂಭೆ ಥರ ಬರೆದಿದ್ದಳು, ಸಣ್ಣ ನಡು, ಗಿಣಿಮೂಗು. ಅಜ್ಜಿ ನೋಡಿ, ಯಾರೇ ಇವಳು, ನನ್ನ ಗಂಡ ಇಟ್ಕೊಂಡಿದ್ದ ಕುಣಿಯೋಳಾ ಅಂದಳಂತೆ. ಹೂವಮ್ಮ ಹೆದರಿ ಹೆದರಿ ಅಪ್ಪ ಹಿಂದೆ ಬರೆದಿದ್ದ ಲಕ್ಷ್ಮಿ ನೋಡ್ಕೊಂಡು ಹಂಗೇ ಇಳಿಸಿದ್ದಳು. ಇದಕ್ಕೆ ಕಾಯಿ ಒಡೀರಿ, ನನಗೆ ಬೇಡ ಅಂದಳಂತೆ. ಕೊನೆಗೆ ಸಾಕವ್ವನ ಗೋಡೆಗೆ ಇಳಿಬಿಟ್ಟಿದ್ದ ಪರದೆ ಸರಿಸಿದರು. ಬೊಚ್ಚುಬಾಯಿ, ಒಂದೇ ಹಲ್ಲು, ಎಲೆ ಅಡಿಕೆ ತುಂಬಿ ಉಬ್ಬಿದ ಎಡಗೆನ್ನೆ, ಬೈಯೋಕೆ ಎತ್ತಿದ ಕೋಲು! ಪಾಳೇಗಾರ ಹಲ್ಲು ಕಡಿದನಂತೆ.

ಅಜ್ಜಿ ಹತ್ತಿರ ಹೋದಳು, ಕಣ್ಣು ಕಿರಿದು ಮಾಡಿದಳು, ತನ್ನ ಎಡಗೆನ್ನೆ ಮುಟ್ಟಿ ನೋಡ್ಕೊಂಡಳು. ಅಯ್ಯೋ ನನ್ನವ್ವ, ಇವಳು ನಾನೇ ಕಣ್ರೋ ಅಂತ ಆ ಒಂದೇ ಹಲ್ಲು ಬಿಟ್ಟುಕೊಂಡು, ಎಲೆ ಅಡಿಕೆ ರಸ ಮೊಮ್ಮಗನ ಅಂಗಿ ಮೇಲೆ ಸಿಡಿಯೋ ಹಂಗೆ ನಕ್ಕಳಂತೆ. ನಾನು ಯಾವಾಗ ನಿನ್ನೆದುರು ಕೂತಿದ್ದೆನೇ ಕಳ್ಳಿ ಅಂತ ಕೇಳಿದಳು. ನೀವು ಕೂರಲಿಲ್ಲ ಅಜ್ಜಿ, ಬೈತಾ ಇದ್ರಿ, ನಾನು ಸೋಮವಾರ ಸೋಮವಾರ ಬರ್ಕೋತಾ ಇದ್ದೆ ಅಂದಳು ಸಾಕವ್ವ. ಹಂಗಾದರೆ ಇಷ್ಟು ಸಲ ಬರೆದರೂ ನಾನಿನ್ನೂ ಗುಂಡುಕಲ್ಲಿನಂಗಿದೀನಲ್ಲ, ಸುಳ್ಳು ಶಾಸ್ತ್ರ ಹೇಳಿದೋರ ಬಾಯಿಗೆ ಮಣ್ಣು ಹಾಕ ಅಂತ ಅಜ್ಜಿ ಅಲ್ಲೇ ನೆಲಕ್ಕೆ ಕೂತು, ಈಗ ಬಲಗೆನ್ನೇನೂ ಬರಿ, ಅಡಿಕೆ ಆ ಕಡೆ ಹಾಕ್ಕೊಂಡಿದೀನಿ ಅಂದಳಂತೆ.

ಆಮೇಲೆ ಏನು, ಕುಂಚ ಮನೇಲೇ ಉಳೀತು, ಮನೇನೂ ಉಳೀತು. ಬಂಗಾರಿ ಮಸಿಬಟ್ಟೆ ಒಗೆದು ಬಳಪ ಹಿಡಿದಳು. ಹೂವಮ್ಮ ಕಡತದ ಕುಂಕುಮ ಒರೆಸಿ ಮೊದಲನೇ ಗೆರೆ ಎಳೆದಳು, ಒರಳುಕಲ್ಲಿನಂಗೇ ಬಂತು, ಮೂವರೂ ಬಿದ್ದು ಬಿದ್ದು ನಕ್ಕರಂತೆ. ಗೌಡ ಈಗ ಮನೆ ಜಗಲೀಲೇ ಕೂತು ಪುಟ್ಟಗೌರಿಗೆ ದಂಡೆ ಕಟ್ತಾನಂತೆ, ಅದನ್ನೂ ಸಾಕವ್ವ ಬರ್ಕೊಂಡಳಂತೆ. ಅವರು ಅಲ್ಲಿ ಬರೀತಾ ಒರೆಸ್ತಾ ಸುಖವಾಗಿದ್ರು, ಕತೆ ಇಲ್ಲಿಗೆ ಮುಗೀತು. ಇನ್ನು ಕಾಲು ಒದೀದೆ ಮಲಗು, ನಾಳೆ ಬೆಳಗ್ಗೆ ಬಳಪ ಕೊಡ್ತೀನಿ.