ಆಭರಣದ ಹಾವಿನ ಕಣ್ಣ ಕೆಳಗಿನ ಕರಿಗೆರೆ

ನೆಲ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟದ ಮೇಲೆ ನಡೆದರೂ ಹೆಜ್ಜೆಯ ಗುರುತು ಮೂಡುತ್ತಿತ್ತು. ಯಾವ ಕಡೆ ಹರಿಯಬೇಕೆಂದು ಹೊಳೆಗೆ ಆಗತಾನೇ ತಿಳಿದಿತ್ತು. ಪ್ರಾಣಿಗಳಿಗೆ ಹೆಸರೇ ಇರಲಿಲ್ಲ.

ಹೆಸರಿಡುವ ಕೆಲಸ ಚಿಪ್ಪಜ್ಜಿಗೆ ಬಂತು. ಚಿಪ್ಪಜ್ಜಿ ಅಂದರೆ ಹೊಳೆದಂಡೆಯ ಮುದಿ ಆಮೆ. ಅವಸರ ಅಂದರೇನೆಂದು ಅರಿಯದವಳು. ಅದಕ್ಕೇ ಎಲ್ಲರೂ ಅವಳನ್ನು ಆರಿಸಿದರು.

ನಮ್ಮ ಮನೆಗಳಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮಾಡುತ್ತೇವಲ್ಲ, ಅವಳೂ ಹಾಗೇ ಮಾಡುತ್ತಿದ್ದಳು. ಹತ್ತಿರ ಹೋಗುವಳು, ಬಾಗುವಳು, ಕಿವಿಯಲ್ಲಿ ಮೂರು ಸಲ ಹೆಸರು ಹೇಳುವಳು. ಹೆಸರಿನ ಜೊತೆಗೆ ಮನೆತನವನ್ನೂ ಹೇಳುವಳು. ಯಾವ ಮನೆತನವೋ ಆ ಮನೆತನದ ಹಿರಿಯರೇ ಮರಿಗಳಿಗೆ ಬದುಕುವ ವಿದ್ಯೆ ಕಲಿಸಬೇಕು. ಅದು ಆಗಿನ ಕಟ್ಟಳೆ. ಮೊಲದ ಕಿವಿಯಲ್ಲಿ ಹೇಳಿದಳು, ಬಾವಲಿಯ ಕಿವಿಯಲ್ಲಿ ಹೇಳಿದಳು, ಆನೆಯ ಕಿವಿಗೆ ಬಂಡೆ ಹತ್ತಿ ಹೇಳಿದಳು.

ಕೊನೆಗೆ ಹಾವುಗಳ ಸರದಿ ಬಂತು. ಹಾವುಗಳಿಗೆ ಕಿವಿಯೇ ಇಲ್ಲ!

ಚಿಪ್ಪಜ್ಜಿ ದಣಿದಿದ್ದಳು. ಕಿವಿಯಿಲ್ಲದ ಮೇಲೆ ಯಾಕೆ ಬಾಗಲಿ ಎಂದುಕೊಂಡಳು. ಆನೆಗಾಗಿ ಹತ್ತಿದ ಬಂಡೆಯಿಂದ ಇಳಿಯಲೇ ಇಲ್ಲ. ಹಾವುಗಳು ನೆಲದ ನಡುಕದಿಂದ ಮಾತು ತಿಳಿಯುತ್ತವೆ, ಹಾಗಾಗಿ ಬಂಡೆಗೆ ಚಿಪ್ಪು ಬಡಿದು, "ಏನು ತಿಂತೀರಿ?" ಎಂದು ಕೇಳಿದಳು.

"ಇಲಿ," ಎಂದವು ಒಂದಷ್ಟು ಹಾವುಗಳು.

"ಹಂಗಾದ್ರೆ ನೀವೆಲ್ಲ ಒಂದೇ ಮನೆತನ. ಕೇರೆ ಮನೆತನ. ಹೋಗಿ ಬನ್ನಿ."

ಆ ಗುಂಪಿನಲ್ಲಿ ಉದ್ದ ಮೈಯ, ಚುರುಕು ಕೇರೆಗಳಿದ್ದವು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವಕ್ಕೋ ಹೆರದಿದ್ದರೂ ಹೆಗ್ಗಣ ಮುದ್ದು. ಅವುಗಳ ನಡುವೆ ಕಂದು ಮೈಯ ಸಣ್ಣ ಹಾವೊಂದಿತ್ತು, ಎರಡು ಮರಿಗಳ ತಾಯಿ. ಅವಳೂ ಇಲಿ ತಿನ್ನುತ್ತಿದ್ದಳು. ಹಾಗಾಗಿ ಅವಳನ್ನೂ ಕೇರೆ ಎಂದೇ ಕರೆದರು.

ಕೇರೆಗಳ ಹಿರಿಯ ಕೇರಪ್ಪ. ಅವನು ಮರಿಗಳನ್ನೆಲ್ಲ ಸೇರಿಸಿ ಪಾಠ ಹೇಳಿದ. "ಶತ್ರು ಬಂದ್ರೆ ಓಡು. ಹಿಂದಕ್ಕೆ ನೋಡಬ್ಯಾಡ, ಓಡು. ನಮ್ಮ ಮನೆತನಕ್ಕಿರೋದು ಅದೊಂದೇ ವಿದ್ಯೆ."

ಸಣ್ಣ ಹಾವಿನ ಮರಿಗಳಿಗೆ ಹೆದರಿಕೆಯಾದರೆ ಓಡಬೇಕೆನಿಸುತ್ತಿರಲಿಲ್ಲ. ಮೈ ಸುರುಳಿಯಾಗುತ್ತಿತ್ತು, ಕುತ್ತಿಗೆ ಉಬ್ಬುತ್ತಿತ್ತು, ತಲೆ ತಾನಾಗಿ ಮೇಲೇಳುತ್ತಿತ್ತು.

"ಕೇರೆ ಹಂಗೆ ಮಾಡಲ್ಲ!" ಎಂದು ಕೇರಪ್ಪ ಗದರಿದ. ಮರಿಗಳು ತಲೆ ತಗ್ಗಿಸಿದವು.

ಒಂದು ದಿನ ಬೇಲಿಯಾಚೆಯಿಂದ ಮುಂಗುಸಿ ಬಂತು. ಕೇರೆಮರಿಗಳು ಸರಸರನೆ ಹುಲ್ಲಿನಲ್ಲಿ ಮಾಯವಾದವು. ಸಣ್ಣ ಹಾವಿನ ದೊಡ್ಡ ಮರಿಯೂ ಓಡಿತು, ಕಲಿಸಿದ ಹಾಗೇ ಹಿಂದಕ್ಕೆ ನೋಡದೆ ಓಡಿತು. ಆದರೆ ಅದರ ಮೈ ಓಟದ ಮೈಯಲ್ಲ. ನಾಲ್ಕು ಮಾರು ಹೋಗುವಷ್ಟರಲ್ಲಿ ಮುಂಗುಸಿ ಅದನ್ನು ಹಿಡಿಯಿತು.

ತಾಯಿ ಉಳಿದ ಮರಿಯನ್ನು ಕರೆದುಕೊಂಡು ಹೊಳೆದಂಡೆಯಲ್ಲಿ ಚಿಪ್ಪಜ್ಜಿ ಕೂತಿದ್ದ ಬಂಡೆಯ ಬಳಿಗೆ ಬಂದಳು. ಕೇರಪ್ಪನೂ ಹಿಂದೆಯೇ ಬಂದ.

"ಅಜ್ಜೀ, ಓಡು ಅಂದ್ರು, ನನ್ನ ಕೂಸು ಓಡ್ತು. ಸತ್ತೋಯ್ತು," ಎಂದಳು. "ಇದೊಂದು ಉಳ್ದೈತೆ. ನಾಳೆ ಮುಂಗುಸಿ ಮತ್ತೆ ಬರ್ತದೆ. ಇದಕ್ಕೆ ಏನು ಕಲಿಸ್ಲಿ? ನಾವು ಯಾರು, ಹೇಳು."

ಚಿಪ್ಪಜ್ಜಿ ಬಂಡೆಯ ಮೇಲಿಂದಲೇ ತಾಯಿಯನ್ನು ನೋಡಿದಳು. ಹೆಸರಿಟ್ಟ ದಿನ ಈ ತಾಯಿಯ ಮುಖ ಹೇಗಿತ್ತೆಂದು ನೆನಪಿಸಿಕೊಂಡಳು. ನೆನಪಿಗೆ ಬರಲಿಲ್ಲ. ನೋಡಿದ್ದರೆ ತಾನೆ ಬರಲು?

ಕೇರಪ್ಪ ಬೇಡವೆಂದು ತಲೆಯಾಡಿಸಿದ. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಇಟ್ಟ ಹೆಸರು ಬದಲಾಯಿಸಿದ್ರೆ ನಾಳೆ ನಿನ್ನ ಮಾತು ಯಾರು ನಂಬ್ತಾರೆ ಅಜ್ಜಿ?"

ಆ ಮಾತು ನಿಜವಾಗಿತ್ತು. ಅದಕ್ಕೇ ಚಿಪ್ಪಜ್ಜಿಗೆ ನೋವಾಯಿತು. ಅವಳು ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಳು.

ಆಗ ಹೊಳೆ ಮಾತಾಡಿತು. "ನಾನು ಮೂರು ಸಲ ದಾರಿ ಬದಲಿಸಿದೀನಿ, ಅಜ್ಜಿ. ನನ್ನನ್ನ ಹೊಳೆ ಅನ್ನೋದನ್ನ ಯಾರೂ ಬಿಟ್ಟಿಲ್ಲ."

ಚಿಪ್ಪಜ್ಜಿ ತಲೆ ಹೊರಹಾಕಿದಳು. ಬಂಡೆಯಿಂದ ಇಳಿದಳು. ಮರಿಯ ಎದುರಿಗೆ ಬಂದು ಬಾಗಿದಳು, ಗದ್ದ ನೆಲಕ್ಕೆ ಮುಟ್ಟುವವರೆಗೂ ಬಾಗಿದಳು.

ಮರಿಯ ಕುತ್ತಿಗೆಯ ಮೇಲೆ ಎರಡು ಕಪ್ಪು ಎಳೆಗಳಿದ್ದವು. ಮೈಮೇಲೆ ಪೋಣಿಸಿದ ಹಾಗೆ ಬಿಳಿ ಚುಕ್ಕಿಗಳಿದ್ದವು. ಯಾವ ಕೇರೆಗೂ ಅಂಥ ಒಡವೆಯಿರಲಿಲ್ಲ.

"ಎಲ್ಲಾ ಮೈಮೇಲೇ ಬರೆದಿತ್ತು. ಇಳಿದು ಬಂದು ನೋಡಲಿಲ್ಲ ನಾನು," ಎಂದು ಅಜ್ಜಿ ಅತ್ತಳು. "ತಪ್ಪು ನಂದು ತಾಯಿ. ಹೋದ ಕೂಸನ್ನ ತಂದುಕೊಡೋಕೆ ನನ್ನ ಕೈಲಿ ಆಗಲ್ಲ."

ಆಮೇಲೆ ನೆಲಕ್ಕೆ ಬಾಯಿಟ್ಟು ಮೂರು ಸಲ ಹೇಳಿದಳು. "ಆಭರಣದ ಹಾವು. ಆಭರಣದ ಹಾವು. ಆಭರಣದ ಹಾವು. ನಿನ್ನ ಮನೆತನವೇ ಬೇರೆ, ಕೂಸೇ. ನಿನ್ನ ಮೈ ಹೇಳಿದಂಗೆ ಮಾಡು."

ಹೊಳೆಯ ಕರಿಮಣ್ಣಿನಲ್ಲಿ ಉಗುರು ಅದ್ದಿ ತಾಯಿಗೂ ಮರಿಗೂ ಕಣ್ಣ ಕೆಳಗೆ ಒಂದೊಂದು ಗೆರೆ ಎಳೆದಳು. "ಇದು ನನ್ನ ತಪ್ಪಿನ ಗುರುತು. ಮುಂದೆ ಹೆಸರಿಡೋರು ಇದನ್ನ ಕಂಡು ಬಾಗಲಿ."

ಮರುದಿನ ಬೆಳಿಗ್ಗೆ ಮುಂಗುಸಿ ಬಂತು. ಮರಿ ಓಡಲಿಲ್ಲ. ಸುರುಳಿಯಾಯಿತು, ಕುತ್ತಿಗೆ ಉಬ್ಬಿಸಿತು, ತಲೆಯೆತ್ತಿ ನಿಂತಿತು. ಮುಂಗುಸಿ ಒಂದು ಹೆಜ್ಜೆ ಹಿಂದೆ ಸರಿಯಿತು. ಇನ್ನೊಂದು ಹೆಜ್ಜೆ ಸರಿಯಿತು. ಆಮೇಲೆ ಬೇಲಿಯೊಳಗೆ ನುಸುಳಿ ಹೊರಟುಹೋಯಿತು. ತಾಯಿ ಮರಿಯನ್ನು ಸುತ್ತಿಕೊಂಡಳು. ಪಕ್ಕದಲ್ಲಿ ಹೋದ ಕೂಸಿನ ಜಾಗ ಖಾಲಿಯಿತ್ತು.

ಅದನ್ನು ಕಂಡ ಕೇರಪ್ಪ ತನ್ನ ಮರಿಗಳನ್ನೇ ಮೊದಲು ಕರೆತಂದು, "ಸರಿಯಾಗಿ ನೋಡು ಅಜ್ಜಿ," ಎಂದು ಅವಳ ಮುಂದೆ ಬಿಟ್ಟ.

ಅಂದಿನಿಂದ ಚಿಪ್ಪಜ್ಜಿ ಇಲಿ ತಿನ್ನುವ ಹಾವುಗಳನ್ನು ಒಂದೊಂದಾಗಿ ನೋಡತೊಡಗಿದಳು. ಆದರೆ ಅಷ್ಟರಲ್ಲಿ ಅವು ಮೂಡಣದ ಬೆಟ್ಟಗಳನ್ನೂ ದಾಟಿ ದೂರದೂರದ ದೇಶಗಳಿಗೆ ಹರಡಿದ್ದವು. ಅವಳ ಆಯುಸ್ಸು ಸಾಲಲಿಲ್ಲ. ಕೊನೆಯ ದಿನ ಗಾಳಿಯನ್ನು ಕರೆದು, "ನನ್ನ ಹಿಂದೆ ಬರೋರಿಗೆ ಹೇಳು, ಬಾಗಿ ನೋಡ್ಲಿ. ತಪ್ಪಿದ್ರೆ ತಿದ್ದಲಿ," ಎಂದಳು.

ಅದಕ್ಕೇ ಕೂಸೇ, ಹಾವುಗಳನ್ನು ಅಭ್ಯಾಸ ಮಾಡುವವರು ಒಂದೇ ಮನೆತನದವೆಂದುಕೊಂಡಿದ್ದ ಇಲಿ ತಿನ್ನುವ ಹಾವುಗಳನ್ನು ಹತ್ತಿರದಿಂದ ನೋಡಿದಾಗಲೆಲ್ಲ ಪುಸ್ತಕದಲ್ಲಿ ಹಳೆಯ ಹೆಸರು ಹೊಡೆದು ಹೊಸದು ಬರೆಯುತ್ತಾರೆ. ಆಭರಣದ ಹಾವಿನ ಕಣ್ಣ ಕೆಳಗೆ ಚಿಪ್ಪಜ್ಜಿ ಎಳೆದ ಕರಿಗೆರೆ ಇವತ್ತಿಗೂ ಹಾಗೇ ಇದೆ.