ಕುಡಿಯುವವನ ಬಾಯಿ

“ಹತ್ತು ಜನರ ಅನುಮಾನವೂ ಒಬ್ಬನ ಮೇಲೆಯೇ ಹೋದರೆ ಅದು ಸುಳ್ಳಾಗುವುದುಂಟೇ, ಬುದ್ಧೀ?” ಎಂದು ಶಿಷ್ಯ ಕೇಳಿದ.

ಮಠದ ಉಗ್ರಾಣದಲ್ಲಿ ತುಪ್ಪ ಕಡಿಮೆಯಾಗುತ್ತಿತ್ತು. ಹೊಸದಾಗಿ ಸೇರಿದ್ದ ಒಬ್ಬನನ್ನು ಆಚೆ ಹಾಕಬೇಕೆಂದು ಉಳಿದವರೆಲ್ಲ ಮಾತಾಡಿಕೊಂಡು ಈ ಶಿಷ್ಯನನ್ನು ಗುರುಗಳ ಬಳಿಗೆ ಕಳಿಸಿದ್ದರು. ಗುರುಗಳಿಗೆ ಸಿಟ್ಟು ಬಂತು. ಆದರೂ ಬೈಯದೆ ಕತೆ ಹೇಳಿದರು.

ಒಂದು ದ್ವೀಪದ ಜನ ಉದ್ದನೆಯ ದೋಣಿಯಲ್ಲಿ ದೂರದ ಇನ್ನೊಂದು ದ್ವೀಪಕ್ಕೆ ಹೊರಟರು. ಬಹಳ ದಿನಗಳ ದಾರಿ. ಪಾಳಿಯಲ್ಲಿ ಹುಟ್ಟು ಹಾಕುವುದು, ದೋಣಿಯ ತಳಕ್ಕೆ ಇಳಿದ ನೀರನ್ನು ಮೊಗೆದು ಚೆಲ್ಲುವುದು, ಒಣಮೀನು ಜಗಿಯುವುದು, ಕೂತಲ್ಲೇ ಕಣ್ಣು ಮುಚ್ಚುವುದು, ಇಷ್ಟೇ ಬದುಕು. ಮೋಡ ಕವಿದು ನಕ್ಷತ್ರ ಮರೆಯಾದರೆ ದಿಕ್ಕು ತಪ್ಪುವ ಭಯ. ದೊಡ್ಡ ಮೀನು ಕೆಳಗೆ ಬೆನ್ನು ಉಜ್ಜಿದರೆ ಮಗುಚುವ ಭಯ. ಎಲ್ಲಕ್ಕಿಂತ ದೊಡ್ಡದು ಬಾಯಾರಿಕೆಯ ಭಯ. ಕುಡಿಯುವ ನೀರು ಇದ್ದದ್ದು ದೋಣಿಯ ನಡುವೆ ಕೂರಿಸಿದ್ದ ಮಣ್ಣಿನ ಹರವಿಯಲ್ಲಿ ಮಾತ್ರ.

ಸಂಜೆಗೊಮ್ಮೆ ತಲೆಗೊಂದು ಚಿಪ್ಪು ನೀರು. ಒಬ್ಬ ಕುಡಿಯುವಾಗ ಉಳಿದವರು ಕಡಲಿನ ಕಡೆ ಮುಖ ತಿರುಗಿಸಬೇಕು. ಬಾಯಾರಿದವರ ಕಣ್ಣು ಕುಡಿಯುವವನಿಗೆ ತಗಲಬಾರದೆಂದು ಹಿರಿಯರು ಮಾಡಿದ್ದ ಕಟ್ಟಳೆ. ಒಳ್ಳೆಯ ಕಟ್ಟಳೆಯೇ.

ನಡುಗಡಲಿನಲ್ಲಿ ನೀರು ಪಾಲಿಗಿಂತ ಹೆಚ್ಚು ಇಳಿಯತೊಡಗಿತು. ಹರವಿಯ ತಳದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಸೋರಿದ ಸಿಹಿನೀರು ದೋಣಿಯ ತಳದ ಉಪ್ಪುನೀರಿಗೆ ಸೇರುತ್ತಿತ್ತು. ಅದನ್ನು ಇವರೇ ಮೊಗೆಮೊಗೆದು ಕಡಲಿಗೆ ಚೆಲ್ಲುತ್ತಿದ್ದರು. ಹರವಿ ಎತ್ತಿ ನೋಡಲು ಯಾರಿಗೂ ತೋಚಲಿಲ್ಲ. ಅನುಮಾನ ಪಡಲು ಮನುಷ್ಯರು ಇಷ್ಟು ಜನ ಇರುವಾಗ ಮಡಕೆಯ ಮೇಲೆ ಯಾರು ಪಡುತ್ತಾರೆ?

ಅನುಮಾನ ಒಬ್ಬ ಅಂಬಿಗನ ಮೇಲೆ ಹೋಯಿತು. ಅವನಿಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು, ಅದೇ ಅವನ ತಪ್ಪು. ಎಲ್ಲರೂ ಹೆದರಿ ಕೂತಿರುವಾಗ ಗೊರಕೆ ಹೊಡೆಯುವವನನ್ನು ಕಂಡರೆ ಮೈ ಉರಿಯದೆ ಇರುತ್ತದೆಯೇ? ಹೊಟ್ಟೆ ತಣ್ಣಗಿದ್ದರೆ ನಿದ್ದೆ ಬಂದೇ ಬರುತ್ತದೆ ಎಂದು ಬೆಳಿಗ್ಗೆ ಒಬ್ಬ ಗೊಣಗಿದ. ಸಂಜೆಯ ಹೊತ್ತಿಗೆ ಅದು ಹತ್ತು ಜನರ ಮಾತಾಗಿತ್ತು.

ಅಂಬಿಗನ ಅಕ್ಕನ ಗಂಡನೂ ದೋಣಿಯಲ್ಲಿದ್ದ. ಅಂಬಿಗ ಅವನನ್ನೇ ಬೇಡಿಕೊಂಡ.

“ಭಾವ, ಇವತ್ತು ನಾನು ಕುಡಿಯುವಾಗ ನೀವೊಬ್ಬರಾದರೂ ತಿರುಗಿ ನೋಡಿ. ಒಂದು ಚಿಪ್ಪಿಗಿಂತ ಹೆಚ್ಚು ಕುಡಿದರೆ ನನ್ನನ್ನು ಕಡಲಿಗೆ ನೂಕಿ.”

ಭಾವನಿಗೆ ನಾಚಿಕೆಯಾಯಿತು. “ಛೆ, ಕುಡಿಯುವವನ ಬಾಯಿ ನೋಡುವಷ್ಟು ಕೆಟ್ಟವರೇನಪ್ಪ ನಾವು?” ಎಂದ.

ಯಾರೂ ನೋಡಲಿಲ್ಲ. ಅವನ ಪಾಲಿನ ನೀರು ನಿಲ್ಲಿಸಿದರು.

ಕೈ ಸೋಲುವವರೆಗೂ ಅವನು ತನ್ನ ಪಾಳಿಯ ಹುಟ್ಟು ಹಾಕಿದ. ಆಮೇಲೆ ಮಲಗಿದವನು ಏಳಲಿಲ್ಲ. ಪ್ರಾಣ ಹೋಗುವವನ ಬಾಯಿಗೆ ನೀರು ಬಿಡಬೇಕೆಂಬ ಕಟ್ಟಳೆಯೂ ಅವರಲ್ಲಿತ್ತು. ಅದನ್ನೂ ಅವರು ಮೀರಲಿಲ್ಲ. ಭಾವ ಅಳುತ್ತ ಒಂದು ಗುಟುಕು ಬಿಟ್ಟ. ಉಳಿದವರು ಮರ್ಯಾದೆಯಿಂದ ಮುಖ ತಿರುಗಿಸಿಕೊಂಡರು. ಹೆಣವನ್ನು ಕಡಲಿಗೆ ಬಿಡುವಾಗ ಎಲ್ಲರೂ ಅತ್ತರು. ಅದು ಕಳ್ಳ ಅಳುವಾಗಿದ್ದರೆ ನಾನು ಹೇಗೋ ಕ್ಷಮಿಸುತ್ತಿದ್ದೆ. ಅವರು ನಿಜವಾಗಿಯೇ ಅತ್ತರು.

ಮಾರನೆಯ ಸಂಜೆ ಹರವಿಯ ಮುಚ್ಚಳ ತೆಗೆದರು. ನೀರು ಎಂದಿನಂತೆಯೇ ಪಾಲಿಗಿಂತ ಹೆಚ್ಚು ಇಳಿದಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಆಗಲಾದರೂ ಅವರಿಗೆ ಅರ್ಥವಾಗಿರಬೇಕಲ್ಲ, ಬುದ್ಧೀ?” ಎಂದ.

“ಆಯಿತಪ್ಪ, ಕಳ್ಳ ಅವನೊಬ್ಬನೇ ಅಲ್ಲ ಎಂದು ಅರ್ಥವಾಯಿತು.”