ಅಲುಗದ ಮಾಪಕ

ಚಂಡಮಾರುತದ ಮೇಲೆ ಹಾರುತ್ತಿದ್ದ ವಿಮಾನದಲ್ಲಿ, ಗಾಳಿಯನ್ನು ಅಳೆಯಲೆಂದು ಹೊಸದಾಗಿ ತಯಾರಿಸಿದ ಮೂರು ಮಾಪಕಗಳು ಕೆಳಗೆ ಬೀಳುವ ಸರದಿಗಾಗಿ ಕಾಯುತ್ತಿದ್ದವು. ಎರಡನ್ನು ಗಾಳಿಗೆ ಅಲುಗಬಾರದೆಂದು ಗಟ್ಟಿ ಉಕ್ಕಿನಲ್ಲಿ ಮಾಡಿದ್ದರು. ಮೂರನೆಯದು ರಟ್ಟಿನದು, ಅದರ ಬೆನ್ನಿಗೊಂದು ಪುಟ್ಟ ಪ್ಯಾರಾಚೂಟ್ ಇತ್ತು.

ವಿಮಾನ ಕುಲುಕಿದಾಗಲೆಲ್ಲ ರಟ್ಟಿನದು ಚಡಪಡಿಸುತ್ತಿತ್ತು. ದೊಡ್ಡ ಉಕ್ಕಿನ ಮಾಪಕ ಗದರಿತು: "ಸುಮ್ಮನಿರು. ಅಳೆಯುವವರು ಅಲುಗಬಾರದು."

ಮೊದಲು ಅದನ್ನೇ ಬಿಟ್ಟರು. ಅದು ಕಲ್ಲಿನಂತೆ ನೆಟ್ಟಗೆ ಇಳಿಯುತ್ತ ವಿಮಾನದ ರೇಡಿಯೊಗೆ ಹೇಳಿತು: "ನಾನು ಕೂದಲೆಳೆಯಷ್ಟೂ ಸರಿದಿಲ್ಲ. ಆದ್ದರಿಂದ ಇಲ್ಲಿ ಗಾಳಿಯಿಲ್ಲ." ಹೇಳಿ ಸಮುದ್ರದಲ್ಲಿ ಮುಳುಗಿತು. ಸುದ್ದಿ ಕೇಳಿ ಬಂದರಿನ ದೋಣಿಗಳು ಲಂಗರು ಎತ್ತತೊಡಗಿದವು.

ಆಮೇಲೆ ರಟ್ಟಿನದನ್ನು ಬಿಟ್ಟರು. ಗಾಳಿ ಅದನ್ನು ಎತ್ತಿ ಒಗೆಯಿತು, ತಿರುಗಿಸಿತು, ಎಳೆದೊಯ್ದಿತು.

"ಕ್ಷಮಿಸಿ," ಎಂದಿತು ಅದು. "ಒಂದು ಕಡೆ ನಿಲ್ಲಲಾಗುತ್ತಿಲ್ಲ. ಅಳೆಯಲು ಪುರುಸೊತ್ತೇ ಸಿಗುತ್ತಿಲ್ಲ."

"ಎಲ್ಲಿದ್ದೀಯ ಎಂದಷ್ಟೇ ಹೇಳುತ್ತಿರು," ಎಂದಿತು ರೇಡಿಯೊ. "ನಿನ್ನನ್ನು ಎತ್ತ ಒಯ್ಯುತ್ತಿದೆಯೋ ಅತ್ತಲೇ ಗಾಳಿ ಬೀಸುತ್ತಿದೆ. ನೀನು ಎಷ್ಟು ಬೇಗ ಸರಿಯುತ್ತೀಯೋ ಅದರ ವೇಗವೂ ಅಷ್ಟೇ."

ರಟ್ಟಿನ ಮಾಪಕ ನೀರು ಮುಟ್ಟುವವರೆಗೂ ತಾನಿದ್ದ ಜಾಗ ಹೇಳುತ್ತಲೇ ಹೋಯಿತು. ದೋಣಿಗಳು ಮತ್ತೆ ಲಂಗರು ಇಳಿಸಿದವು.

ವಿಮಾನದಲ್ಲಿ ಉಳಿದಿದ್ದ ಉಕ್ಕಿನ ಮಾಪಕ ಇದನ್ನೆಲ್ಲ ಕೇಳಿಸಿಕೊಂಡು ನಿಟ್ಟುಸಿರಿಟ್ಟಿತು: "ಪಾಪ, ಅದರ ಹಣೆಬರಹ. ನಮ್ಮಣ್ಣ ಇಳಿಯುವಾಗ ಗಾಳಿಯೇ ಇರಲಿಲ್ಲ."